ಹಗೇವಿನೊಳಗಿನ ಕಿಲ್ಲೇದಾರ

ಇದನ್ನು ಹೇಳುವುದನ್ನು ನಾನು ಬಹಳ ಸಲ ಮುಂದೂಡಿದ್ದೇನೆ. ಮೊದಲು ಕಬ್ಬು ಕಡಿದು ಕಾರ್ಖಾನೆಗೆ ಹೋಗಲಿ ಅಂದುಕೊಂಡೆ. ಕಬ್ಬು ಹೋಯಿತು. ಆಮೇಲೆ ಎಮ್ಮೆ ಈಯಲಿ ಅಂದುಕೊಂಡೆ. ಅದು ಈದು, ಅದರ ಕರು ಈಗ ಹಗ್ಗ ಕಿತ್ತುಕೊಂಡು ಓಡುವಷ್ಟು ದೊಡ್ಡದಾಗಿದೆ. ಕಣ್ಣಿನ ಪೊರೆ ತೆಗೆಸಿಕೊಂಡು ಬರೆದರಾಯಿತು ಅಂದೆ. ಮಿರಜಿಗೆ ಹೋಗಿ ಅದನ್ನೂ ತೆಗೆಸಿಕೊಂಡು ಬಂದೆ. ಈಗ ಎಲ್ಲ ಸ್ವಚ್ಛವಾಗಿ ಕಾಣುತ್ತದೆ. ನಮ್ಮೂರ ಚಾವಡಿಯ ಮುಂದಿನ ಕಟ್ಟೆಯ ಮೇಲಿರುವ ದೊಡ್ಡ ಪಟವೂ ಕಾಣುತ್ತದೆ. ಅದರಲ್ಲಿ ರುಮಾಲು ಸುತ್ತಿ, ಕತ್ತಿ ಹಿಡಿದು ನಿಂತವನು ನಾನೇ. ಪಟಕ್ಕೆ ಹಾರ ಹಾಕಿದ್ದಾರೆ. ಕೆಳಗೆ ಕೆಂಪು ಅಕ್ಷರದಲ್ಲಿ ‘ವೀರ ಕಿಲ್ಲೇದಾರರು’ ಎಂದು ಬರೆಸಿದ್ದಾರೆ. ಉಸಿರಾಡುತ್ತಿರುವಾಗಲೇ ತನ್ನ ಪಟಕ್ಕೆ ತಾನೇ ಊದುಬತ್ತಿ ಬೆಳಗುವ ಪಾಳಿ ಈ ತಾಲೂಕಿನಲ್ಲಿ ನನಗೊಬ್ಬನಿಗೇ ಬಂದಿರಬೇಕು.

ನಮ್ಮ ಊರು ಕಾಗವಾಡ ತಾಲೂಕಿನಲ್ಲಿದೆ, ಶೇಡಬಾಳದಿಂದ ಬಹಳ ದೂರವಿಲ್ಲ. ನಾನು ಮ್ಯಾಟ್ರಿಕ್ ಪಾಸಾದವನು. ನಮ್ಮ ಓಣಿಯಲ್ಲಿ ಆ ಕಾಲಕ್ಕೆ ಅದು ದೊಡ್ಡ ಮಾತು. ಆಮೇಲೆ ಹೊಲ, ಎಮ್ಮೆ ಇಷ್ಟರಲ್ಲೇ ಆಯುಷ್ಯ ಹೋಯಿತು. ಆದರೆ ಯಾರಿಗಾದರೂ ಕಾಗದ ಓದಿಸಬೇಕಾದರೆ, ತಹಶೀಲ್ದಾರರ ಕಚೇರಿಗೆ ಅರ್ಜಿ ಬರೆಸಬೇಕಾದರೆ ನನ್ನನ್ನೇ ಕರೆಯುತ್ತಿದ್ದರು. ಈಗ ಎಲ್ಲರ ಮನೆಯಲ್ಲೂ ಓದಿದವರಿದ್ದಾರೆ, ನನ್ನನ್ನು ಯಾರೂ ಕರೆಯುವುದಿಲ್ಲ. ಮುಂದೆ ನಡೆದದ್ದಕ್ಕೆ ಇದೂ ಒಂದು ಕಾರಣ ಅಂತ ಈಗ ಅನಿಸುತ್ತದೆ.

ನನ್ನ ಮೊಮ್ಮಗಳಿಗೆ ಮಾತು ತೊಡರುತ್ತಿತ್ತು. ಮನೆಯಲ್ಲಿ ಅಷ್ಟಿರಲಿಲ್ಲ. ಶಾಲೆಯಲ್ಲಿ ಎದ್ದು ನಿಂತು ಪಾಠ ಓದು ಅಂದರೆ ಮೊದಲ ಅಕ್ಷರದಲ್ಲೇ ಸಿಕ್ಕಿಬೀಳುತ್ತಿದ್ದಳು. ಚಳಿಗಾಲದ ಮುಂಜಾನೆ ಚಾಲೂ ಆಗದ ಟ್ರ್ಯಾಕ್ಟರಿನ ಹಾಗೆ ಕೇಳುತ್ತದೆಂದು ಹುಡುಗರು ಅವಳಿಗೆ ‘ಟ್ರ್ಯಾಕ್ಟರ್’ ಎಂದು ಹೆಸರಿಟ್ಟರು. ಏಳನೆಯ ಇಯತ್ತೆಗೆ ಬರುವಷ್ಟರಲ್ಲಿ ಅವಳು ಶಾಲೆಯಲ್ಲಿ ಬಾಯಿ ತೆರೆಯುವುದನ್ನೇ ಬಿಟ್ಟಳು.

ಆಗ ನನ್ನ ಸೊಸೆ ಅವಳನ್ನು ಶಾಲೆ ಬಿಡಿಸಿ ಮನೆಯಲ್ಲೇ ಕಲಿಸುತ್ತೇನೆ ಅಂದಳು. ಸೊಸೆ ನಿಪ್ಪಾಣಿ ಹತ್ತಿರದ ಬೋರಗಾಂವದವಳು. ತವರಿನಲ್ಲಿ ಮಗ್ಗಗಳ ಖಟಖಟದ ನಡುವೆ ಕೂತು ಬಿ.ಎ. ಮಾಡಿದವಳು. ಇತಿಹಾಸ ಅವಳ ವಿಷಯ. ಕನ್ನಡ, ಮರಾಠಿ ಎರಡನ್ನೂ ಸಲೀಸಾಗಿ ಓದುತ್ತಾಳೆ. ಸಕ್ಕರೆ ಕಾರ್ಖಾನೆಯಲ್ಲಿ ಪಾಳಿಯ ಕೆಲಸ ಮಾಡುವ ನನ್ನ ಮಗನಿಗೆ ಇದು ಮನಸ್ಸಿಗೆ ಬರಲಿಲ್ಲ.

“ಒಂದ ವರ್ಷ ನನ್ನ ಕೈಯಾಗ ಕೊಡ್ರಿ,” ಅಂದಳು ಸೊಸೆ. “ಮುಂದಿನ ಜೂನಿಗೆ ಆಕಿ ನಾಕು ಮಂದ್ಯಾಗ ನಿಂತು ಮಾತಾಡಲಿಲ್ಲಂದ್ರ ನೀವ ಹೇಳಿದಂಗ ಕೇಳ್ತೀನಿ.”

“ಒಂದ ವರ್ಷ ಅಷ್ಟ ಮತ್ತ,” ಅಂದ ಮಗ.

ಗಣಿತ, ವಿಜ್ಞಾನಕ್ಕೆ ಶಾಲೆಯ ಪುಸ್ತಕವೇ ಇತ್ತು. ಭಾಷೆಗೂ ಇತಿಹಾಸಕ್ಕೂ ಮಾತ್ರ ಸೊಸೆ ಐತಿಹಾಸಿಕ ಕಾದಂಬರಿಗಳನ್ನು ತೆಗೆದಳು. ಒಂದೇ ಕೋಟೆ, ಒಂದೇ ಯುದ್ಧದ ಮೇಲೆ ಬರೆದ ಒಂದು ಮರಾಠಿ ಕಾದಂಬರಿ, ಒಂದು ಕನ್ನಡದ್ದು. ಒಂದು ಅಧ್ಯಾಯವನ್ನು ಗಟ್ಟಿಯಾಗಿ ಓದುವುದು, ಆ ಊರು ನಕಾಶೆಯಲ್ಲಿ ಎಲ್ಲಿದೆ ಹುಡುಕುವುದು, ಆಮೇಲೆ ಇತಿಹಾಸದ ಪುಸ್ತಕ ತೆರೆದು ಹೋಲಿಸುವುದು. ಇದನ್ನು ಯಾರು ನೋಡಿದ್ದರು, ಹೀಗಾಗುವುದು ಸಾಧ್ಯವಿತ್ತೇ ಎಂದು ಹುಡುಗಿಯೇ ಕೇಳಬೇಕು. ಉತ್ತರವನ್ನು ದನದ ಮನೆಯ ಗೋಡೆಯ ಮೇಲೆ ಸೀಮೆಸುಣ್ಣದಿಂದ ಬರೆಯಬೇಕು. ಎಮ್ಮೆಯ ಎಡಕ್ಕೆ ನಡೆದದ್ದು, ಬಲಕ್ಕೆ ಬರೆದವರು ಕಟ್ಟಿದ್ದು. ಎಮ್ಮೆ ನಡುವೆ ನಿಂತು ಮೈ ತಿಕ್ಕಿ ಎರಡನ್ನೂ ಸಮನಾಗಿ ಅಳಿಸುತ್ತಿತ್ತು.

ಮರಾಠಿ ಕಾದಂಬರಿಯ ಮೊದಲ ಕಾಳಗದಲ್ಲಿ ಆ ಕಡೆಯವರು ಗೆದ್ದರು. ಕನ್ನಡದ್ದರಲ್ಲಿ ಅದೇ ಕಾಳಗವನ್ನು ಈ ಕಡೆಯವರು ಗೆದ್ದರು.

“ಮಮ್ಮಿ, ಎರಡೂ ಕಡೆಯವ್ರು ಗೆದ್ರ ಸೋ... ಸೋ... ಸೋತವ್ರು ಯಾರು?” ಅಂತ ಹುಡುಗಿ ಕೇಳಿದಳು.

“ಅಲ್ಲಿ ಜ್ವಾಳಾ ಬಿತ್ತಿದವ್ರು,” ಅಂದಳು ಸೊಸೆ.

ನಾವು ಯಾರೂ ನೆನೆಸದ ಒಂದು ಸಂಗತಿ ಆಗ ನಡೆಯಿತು. ಕಾದಂಬರಿಯ ರಾಣಿಯ ಮಾತು ಓದುವಾಗ ಹುಡುಗಿ ತೊಡರುತ್ತಿರಲಿಲ್ಲ. ಆಸ್ಥಾನದ ಭಾಷೆ ಬಾಯಿಗೆ ಬಂದರೆ ಸಾಕು, ಮಾತು ಕಾಲುವೆ ನೀರಿನ ಹಾಗೆ ಹರಿಯುತ್ತಿತ್ತು. ಇದು ಗೊತ್ತಾದ ಮೇಲೆ ಅವಳು ಎಲ್ಲವನ್ನೂ ಅದೇ ಭಾಷೆಯಲ್ಲಿ ಹೇಳತೊಡಗಿದಳು. ಒಂದು ದಿನ ಓಡಿಬಂದು ನನ್ನ ಮುಂದೆ ಬಾಗಿ ನಿಂತಳು.

“ಮಹಾಪ್ರಭುಗಳೇ, ತಮ್ಮ ಪ್ರೀತಿಪಾತ್ರ ಮಹಿಷಿಯು ಬಂಧನವನ್ನು ಹರಿದುಕೊಂಡು ನೆರೆಯ ಸಂಸ್ಥಾನದ ಮೇಲೆ ದಂಡೆತ್ತಿ ಹೋಗಿದ್ದಾಳೆ.”

ಅವಳು ಪೂರ್ತಿ ಹೇಳಿ ಮುಗಿಸುವಷ್ಟರಲ್ಲಿ ನಮ್ಮ ಎಮ್ಮೆ ಮಗ್ಗುಲ ಹೊಲದ ಜೋಳವನ್ನು ಅರ್ಧ ಮೇದಿತ್ತು. ಆದರೂ ಅಷ್ಟುದ್ದ ವಾಕ್ಯ ಒಂದು ಕಡೆಯೂ ನಿಲ್ಲದೆ ಬಂತಲ್ಲ ಎಂದು ಸೊಸೆ ಅಲ್ಲೇ ಕೂತು ಸೆರಗಿನಿಂದ ಕಣ್ಣೊರೆಸಿಕೊಂಡಳು. ಅಂದಿನಿಂದ ಮನೆಯವರೆಲ್ಲ ಹಾಗೇ ಮಾತಾಡತೊಡಗಿದೆವು. ಮಗ ಪಾಳಿ ಮುಗಿಸಿ ಬಂದರೆ ಸೇನಾಪತಿಗಳು ಬಿಜಯಂಗೈದರು. ನನ್ನ ಹೆಂಡತಿ ಮಾತ್ರ, “ನಾ ಹಿಂಗ ಮಾತಾಡಿದ್ರ ರೊಟ್ಟಿ ಹೊತ್ತತಾವ,” ಅಂತ ದೂರ ಉಳಿದಳು.

ಮಧ್ಯಾಹ್ನ ಸೊಸೆಗೆ ಬೇರೆ ಕೆಲಸವಿರುತ್ತಿತ್ತು. ಆ ಹೊತ್ತಿಗೆ ಕನ್ನಡ ಕಾದಂಬರಿ ಓದುವ ಕೆಲಸ ನನಗೆ ಬಂತು. ಬೇವಿನ ಗಿಡದ ಕೆಳಗೆ ಕೂತು ನಾನು ದನಿ ಏರಿಸಿ, ಇಳಿಸಿ ಓದುತ್ತಿದ್ದೆ. ಮಗ್ಗುಲ ಮನೆಯ ಪೈಲವಾನ ಮೊದಲು ಬೇಲಿಯ ಆಚೆಯಿಂದಲೇ ಕೇಳಿದ. ಒಂದು ಕಾಲಕ್ಕೆ ಕುಸ್ತಿ ಹಿಡಿಯುತ್ತಿದ್ದವನು. ಈಗ ಮಂಡಿ ನೋವು, ಮಾಡಲು ಕೆಲಸವಿಲ್ಲ. ಮರುದಿನ ಚಾಪೆ ತಂದು ಕೂತ. ಅವನ ಹಿಂದೆ ಓಣಿಯ ಅರ್ಧ ಮಂದಿ ಬಂದರು. ಬಹಳ ವರ್ಷಗಳ ಮೇಲೆ ಊರು ಮತ್ತೆ ನನ್ನ ಓದನ್ನು ಕೇಳಲು ಬಂದಿತ್ತು.

ಕಾದಂಬರಿಯ ನಾಯಕ ಒಬ್ಬ ಕಿಲ್ಲೇದಾರ, ಕೋಟೆ ಕಾಯುವವನು. ಶತ್ರುಗಳು ಕೋಟೆಯನ್ನು ಮುತ್ತಿದ್ದಾರೆ, ಒಳಗೆ ಕಾಳು ಮುಗಿದಿದೆ, ಅವನು ಕಳ್ಳಬಾಗಿಲಿನಿಂದ ಕುದುರೆ ಹತ್ತಿ ಹೊರಗೆ ಬೀಳುತ್ತಾನೆ. ಅಲ್ಲಿಗೆ ಪುಸ್ತಕ ಮುಗಿಯಿತು. ಮುಗಿದಿರಲಿಲ್ಲ, ಮುಂದಿನದನ್ನು ಗೆದ್ದಲು ತಿಂದಿತ್ತು. ಹಳೆ ಪುಸ್ತಕದ ಅಂಗಡಿಯಿಂದ ತಂದದ್ದು. ರಟ್ಟಿನೊಳಗೆ ಬರೀ ಮಣ್ಣಿನ ಗೆರೆಗಳಿದ್ದವು.

“ಇಲ್ಲಿಗೇ ನಿಲ್ಲಸ್ರಿ ಮಾವಾರ,” ಅಂದಳು ಸೊಸೆ. “ಮುಂದ ಏನಾಗಿರಬೇಕು ಅಂತ ಆಕಿನ ವಿಚಾರ ಮಾಡಿ ಹೇಳ್ಲಿ. ನಾ ನಿಪ್ಪಾಣಿಯಿಂದ ಪೂರ್ತಿ ಪುಸ್ತಕ ತರಸ್ತೀನಿ. ಆಮ್ಯಾಲ ಎರಡೂ ಕೂಡಿಸಿ ನೋಡೂಣು.”

ನಾನು ಹ್ಞೂಂ ಅಂದೆ. ಮಧ್ಯಾಹ್ನ ಪೈಲವಾನ ಚಾಪೆ ಹಾಸಿದ.

“ಕಾಕಾ, ಹೊರಗ ಬಿದ್ದಾನಲ್ಲ, ಮುಂದ?”

ಇವತ್ತು ಓದಿಲ್ಲ ಅನ್ನಬೇಕಿತ್ತು. ಮಂದಿಯನ್ನು ನೋಡಿದೆ. ರಟ್ಟು ತೆರೆದೆ. ಗೆದ್ದಲ ಮಣ್ಣಿನ ಮೇಲೆ ಬೆರಳಾಡಿಸುತ್ತ ಓದತೊಡಗಿದೆ. ಕಿಲ್ಲೇದಾರ ತುಂಬಿ ಹರಿಯುವ ಕೃಷ್ಣೆಗೆ ಕುದುರೆ ಇಳಿಸಿದ. ಈಚೆಯ ದಂಡೆ ಸೇರಿದ. ಮೊಮ್ಮಗಳು ಇಣುಕಿ ನೋಡಿದಳು.

“ಮಹಾಪ್ರಭುಗಳೇ, ಅಲ್ಲಿ ಹಾಳೆಯೇ ಇಲ್ಲವಲ್ಲ?”

“ಸುಮ್ಮ ಕುಂಡ್ರ ಬೇ. ಅಜ್ಜಗ ಎಲ್ಲಾ ಬಾಯಿಪಾಠ ಐತಿ.”

ಬೆನ್ನಟ್ಟಿ ಬಂದ ಶತ್ರುಗಳಿಂದ ತಪ್ಪಿಸಲು ಒಂದು ಊರಿನ ರೈತರು ಅವನನ್ನು ಹಗೇವಿನಲ್ಲಿ ಇಳಿಸಿ, ಮೇಲೆ ಬಂಡೆ ಮುಚ್ಚಿ, ಮಣ್ಣೆಳೆದರು. ಶತ್ರುಗಳ ದಂಡು ಮೂರು ದಿನ ಅದೇ ಬಂಡೆಯ ಮೇಲೆ ಅಡಿಗೆ ಮಾಡಿಕೊಂಡು ಉಂಡಿತು. ಕಿಲ್ಲೇದಾರ ಕೆಳಗೆ ಹಸಿ ಜೋಳ ತಿಂದು ಬದುಕಿದ.

“ಅದ್ಯಾವ ಊರ ಕಾಕಾ?” ಅಂದ ಪೈಲವಾನ.

“ಬರದಾರಲ್ಲ, ಇಲ್ಲೇ,” ಅಂದೆ. “ಚಾವಡಿ ಮುಂದಿನ ಹಗೇವು.”

ಹಗೇವೆಂದರೆ ಜೋಳ ತುಂಬಿಡುವ ನೆಲಮಾಳಿಗೆಯಂಥ ಕುಣಿ. ಬಾಯಿ ಸಣ್ಣದು, ಹೊಟ್ಟೆ ದೊಡ್ಡದು. ನಮ್ಮೂರಲ್ಲಿ ಈಗ ಯಾರೂ ಬಳಸುವುದಿಲ್ಲ. ಹರೆಯದಲ್ಲಿ ನಾನೇ ಎಷ್ಟೋ ಹಗೇವುಗಳಿಗೆ ಇಳಿದವನು. ಮುಚ್ಚಿದ ಹಗೇವು ತೆಗೆದಾಗ ಮೊದಲು ಕಂದೀಲು ಇಳಿಬಿಡುತ್ತಾರೆ. ದೀಪ ಆರಿದರೆ ಒಳಗೆ ಕೆಟ್ಟ ಗಾಳಿ ಇದೆ ಅಂತ, ಆಗ ಯಾರೂ ಇಳಿಯುವುದಿಲ್ಲ. ಮುಚ್ಚಿದ ಹಗೇವಿನಲ್ಲಿ ಮನುಷ್ಯ ಮೂರು ದಿನ ಇರಲಿ, ಒಂದು ಮಧ್ಯಾಹ್ನವೂ ಬದುಕುವುದಿಲ್ಲ. ಇದು ನನಗೆ ಗೊತ್ತಿತ್ತು. ಪೈಲವಾನನಿಗೂ ಗೊತ್ತಿತ್ತು. ಬೇವಿನ ಕೆಳಗೆ ಕೂತ ಮುದುಕರಿಗೆಲ್ಲ ಗೊತ್ತಿತ್ತು.

ಮರುದಿನ ಮುಂಜಾನೆ ಹಗೇವಿನ ಬಂಡೆಯ ಮೇಲೆ ಚೆಂಡುಹೂವುಗಳಿದ್ದವು.

ವಾರದೊಳಗೆ ಪೈಲವಾನ, ಕಿಲ್ಲೇದಾರರಿಗೆ ಕಟ್ಟೆ ಕಟ್ಟಿ ಸಮಾರಂಭ ಮಾಡಲು ಕಮಿಟಿ ಮಾಡಿದ. ಉಸಿರಿನ ಮಾತು ಒಬ್ಬರು ಎತ್ತಿದರು. “ಅವ್ರು ಯೋಗಾ ಮಾಡತಿದ್ರು,” ಅಂದ ಪೈಲವಾನ, ಮಾತು ಮುಗಿಯಿತು. ಕುದುರೆ ಎಲ್ಲಿ ಹೋಯಿತು ಎಂಬ ಪ್ರಶ್ನೆ ಮಾತ್ರ ಬಗೆಹರಿಯಲಿಲ್ಲ, ಅದು ಹಗೇವಿನ ಬಾಯಲ್ಲಿ ಹಿಡಿಸುವುದಿಲ್ಲ. ಅಷ್ಟರಲ್ಲಿ ಹೊಳೆಯ ಆಚೆ, ರಾಯಬಾಗ ಕಡೆಯ ಒಂದು ಊರಿನವರು ಮೋಟರ್‌ಸೈಕಲ್ ಮೇಲೆ ಬಂದರು. ಕುದುರೆ ಸತ್ತದ್ದು ತಮ್ಮೂರಲ್ಲಿ, ತಾವೂ ಕಟ್ಟೆ ಕಟ್ಟುವವರು ಅಂದರು.

“ಕುದುರಿ ನಿಮ್ಮದಲ್ಲ, ನಮ್ಮ ಕಿಲ್ಲೇದಾರ್ರದು!”

“ಕಿಲ್ಲೇದಾರ್ನ ನೀವ ಇಟಗೋರಿ. ಕುದುರಿ ಬಿಟ್ಟ ಕೊಡೂದಿಲ್ಲ ಹೋಗ್ರಿ!”

ಕೊನೆಗೆ ಮನುಷ್ಯ ನಮಗೆ, ಕುದುರೆ ಅವರಿಗೆ ಅಂತ ಚಹಾ ಕುಡಿದು ಒಪ್ಪಂದವಾಯಿತು. ಅರ್ಧ ಎಮ್ಮೆಯ ವ್ಯಾಜ್ಯಕ್ಕೆ ತಲೆ ಒಡೆದುಕೊಳ್ಳುವ ನಾವು ಇಲ್ಲದ ಕುದುರೆಯನ್ನು ಅಷ್ಟು ಶಾಂತವಾಗಿ ಹಂಚಿಕೊಂಡದ್ದು ನನಗೆ ಈಗಲೂ ಆಶ್ಚರ್ಯ.

ಪಟ ಮಾಡಿಸಲು ಅಥಣಿಯ ಫ್ಲೆಕ್ಸ್ ಅಂಗಡಿಗೆ ಹೋದರೆ ಅಂಗಡಿಯವನು, ಮುಖ ಇಲ್ಲದೆ ಏನು ಛಾಪಿಸಲಿ ಅಂದನಂತೆ. ಪೈಲವಾನ ನಮ್ಮ ಗೋಡೆಯ ಮೇಲಿದ್ದ ನನ್ನ ಮದುವೆಯ ಫೋಟೋ ಇಳಿಸಿಕೊಂಡು ಹೋದ. ಮದುವೆಯಲ್ಲಿ ಮದುಮಗನ ಕೈಗೆ ನಿಂಬೆಹಣ್ಣು ಚುಚ್ಚಿದ ಚಾಕು ಕೊಡುತ್ತಾರಲ್ಲ, ಅದು ಫೋಟೋದಲ್ಲಿತ್ತು. ಅಂಗಡಿಯವನು ಚಾಕುವನ್ನು ಎಳೆದು ಕತ್ತಿ ಮಾಡಿದ. ನಿಂಬೆಹಣ್ಣು ತೆಗೆಯುವುದನ್ನು ಮರೆತ. ಇವತ್ತಿಗೂ ನಮ್ಮ ವೀರನ ಕತ್ತಿಯ ತುದಿಗೆ ನಿಂಬೆಹಣ್ಣಿದೆ. ಯುದ್ಧಕ್ಕೆ ಹೋಗುವಾಗ ಹಾಗೆ ಚುಚ್ಚುವ ಪದ್ಧತಿ ಇತ್ತೆಂದು ಈಗ ಶಾಲೆಯ ಮಕ್ಕಳೂ ಹೇಳುತ್ತಾರೆ. ಮಗ್ಗುಲಲ್ಲಿ ನಿಂತಿದ್ದ ನನ್ನ ಹೆಂಡತಿಯನ್ನು ಅಳಿಸಿ ಆ ಜಾಗದಲ್ಲಿ ಕುದುರೆ ಇಟ್ಟರು.

“ಇಷ್ಟ ವರ್ಷ ಬಾಳೇವು ಮಾಡಿ ಕಡೀಕ ಕುದುರಿ ಆದ್ನಿ,” ಅಂದಳು ಅವಳು. “ಅದೂ ಹೊಳಿ ಆಚಿಯವ್ರ ಪಾಲಿಗೆ.”

ನಗುತ್ತಿದ್ದೆವು. ಸೊಸೆಯೂ ನಕ್ಕಳು. ಆದರೆ ಸಮಾರಂಭದ ಹಿಂದಿನ ದಿನ ನಿಪ್ಪಾಣಿಯಿಂದ ಪೂರ್ತಿ ಪುಸ್ತಕ ಬಂತು. ಅದರಲ್ಲಿ ಕಿಲ್ಲೇದಾರ ಹೊಳೆಯನ್ನೇ ದಾಟುವುದಿಲ್ಲ. ಶತ್ರುಗಳಿಗೆ ಶರಣಾಗಿ, ಅವರು ಕೊಟ್ಟ ಹೊಲ ಮಾಡಿಕೊಂಡು, ಮುದುಕನಾಗಿ, ಕೆಮ್ಮಿ ಸಾಯುತ್ತಾನೆ. ಸೊಸೆ ರೊಟ್ಟಿ ಬಡಿಯುತ್ತಿದ್ದಳು. ನನ್ನನ್ನು ಒಲೆಯ ಹತ್ತಿರ ಕರೆದಳು.

“ಮಾವಾರ, ನಾಳೆ ಮಗಳು ಮೈಕಿನ ಮುಂದ ನಿಂತು ಮಾತಾಡ್ತಾಳ. ಪುಸ್ತಕದಾಗ ಕಥಿ ಹೆಂಗ ಮುಗದೈತಿ, ನೀವು ಹೆಂಗ ಮುಗಿಸೀರಿ, ಎರಡೂ ಓದತಾಳ. ತಯಾರಿ ಮಾಡಿಸೀನಿ. ಆಕಿಗಿಂತ ಮೊದಲ ನೀವು ಒಂದ ಮಾತು ಹೇಳಬೇಕು. ಇದು ನಾ ಕಟ್ಟಿದ ಕಥಿ ಅಂತ.”

ನಾನು ಒಲೆಯೊಳಗಿನ ಕಟ್ಟಿಗೆ ಮುಂದೆ ಸರಿಸಿದೆ.

“ಯಾರೂ ಸಿಟ್ಟಾಗೂದಿಲ್ರಿ. ಖರೇ ಹೇಳಬೇಕಂದ್ರ ಬರದವ್ರಿಗಿಂತ ನಿಮ್ಮ ಕಥಿನ ಚಲೋ ಐತಿ. ಆದ್ರ ಕಥಿ ಯಾವುದು, ನಡದದ್ದು ಯಾವುದು ಅಂತ ಆಕಿಗೆ ತಿಳೀಲಿ ಅಂತನ ಇಷ್ಟ ದಿನಾ ಕಲಿಸೀನಿ. ಅವ್ರೂ ನಾಳೆ ಬಂದು ಕುಂದರ್ತಾರ. ಆಕಿ ಮಾತಾಡಿದ್ದ ನೋಡಿದ್ರ ಇನ್ನೊಂದ ವರ್ಷ ಕೊಡ್ತಾರ.”

ಅವ್ರು ಅಂದರೆ ನನ್ನ ಮಗ. ಜೂನ್ ಹತ್ತಿರ ಬಂದಿತ್ತು.

“ಹೇಳ್ತೀನವಾ,” ಅಂದೆ. ಬಿಸಿ ರೊಟ್ಟಿಯ ಮೇಲೆ ಬೆಣ್ಣೆ ಹಾಕಿ ಕೊಟ್ಟಳು.

ಮರುದಿನ ಚಾವಡಿಯ ಮುಂದೆ ಪೆಂಡಾಲು ಹಾಕಿದ್ದರು. ಮೊದಲು ಹಗೇವು ತೆಗೆದರು. ರೂಢಿಯಂತೆ ಕಂದೀಲು ಇಳಿಬಿಟ್ಟರು. ಅದು ಹಗೇವಿನ ಕುತ್ತಿಗೆ ದಾಟುವಷ್ಟರಲ್ಲೇ ಫಕ್ಕನೆ ಆರಿತು. ಸುಳ್ಳು ಇಲ್ಲಿಗೆ ಮುಗಿಯಿತು, ಇನ್ನು ಯಾರಾದರೂ ಒಬ್ಬ ಮುದುಕ ಬಾಯಿ ಬಿಡುತ್ತಾನೆ ಅಂದುಕೊಂಡೆ. ನನಗೆ ಸ್ವಲ್ಪ ಹಗುರವೂ ಆಯಿತು. ಪೈಲವಾನ ಎರಡೂ ಕೈ ಎತ್ತಿದ.

“ನೋಡ್ರಪಾ! ಊದಿ ಆರಿಸಿದ್ರು! ಕಿಲ್ಲೇದಾರ್ರ ಉಸರ ಇನ್ನೂ ಅದರಾಗ ಐತಿ!”

ಮಂದಿ ಕೈ ಮುಗಿದರು. ಗಾಳಿ ಆಡಿದ ಮೇಲೆ ಒಬ್ಬನನ್ನು ಇಳಿಸಿದರೆ ಕೊಳೆತ ಹೊಟ್ಟಿನ ನಡುವೆ ಒಂದು ಜರ್ಮನ್, ಅಂದರೆ ಅಲ್ಯುಮಿನಿಯಮ್, ಪಾತ್ರೆಯ ಮುಚ್ಚಳ ಸಿಕ್ಕಿತು. ಅದನ್ನು ಕಿಲ್ಲೇದಾರರ ಢಾಲು, ಗುರಾಣಿ ಅಂದರು.

“ಇದು ಜರ್ಮನ್ ಐತಲೇ,” ಅಂದನೊಬ್ಬ.

“ಹಗರ ಇರಲಿ ಅಂತ ಮಾಡಿಸಿದ್ರು. ನೀ ಯುದ್ಧ ಮಾಡೀಯೇನ?” ಅಂದ ಪೈಲವಾನ.

ಆಮೇಲೆ ನನ್ನನ್ನು ವೇದಿಕೆಗೆ ಕರೆದು, ಶಾಲು ಹೊದಿಸಿ, ರುಮಾಲು ಸುತ್ತಿ, ಮೈಕು ಕೊಟ್ಟರು. ಹಿಂದೆ ಪಟದಲ್ಲೂ ನಾನೇ, ಮುಂದೆಯೂ ನಾನೇ. ಇಡೀ ಊರು ಕೂತಿತ್ತು. ಹೆಂಗಸರ ಸಾಲಿನಲ್ಲಿ ಸೊಸೆ ಎದ್ದು ನಿಂತಳು. ಕೈಯಲ್ಲಿ ಪುಸ್ತಕವಿತ್ತು, ಮುಖದಲ್ಲಿ ನಗುವಿತ್ತು. ನನಗೆ ಸುಲಭವಾಗಲಿ ಎಂದು ಅವಳೇ ಮಾತು ತೆಗೆದಳು.

“ಮಾವಾರ, ಈ ಹಗೇವಿನ ಕಥಿ ಪುಸ್ತಕದಾಗ ಇಲ್ಲ. ಎಲ್ಲಿಂದ ಬಂತು ಅಂತ ನೀವ ಹೇಳ್ರಿ.”

ಗುಜುಗುಜು ಎದ್ದಿತು. “ನಿಪ್ಪಾಣಿ ಕಡೆಯಾಕಿಗೆ ನಮ್ಮೂರ ಸುದ್ದಿ ಏನ ಗೊತ್ತು?” ಅಂದರು ಯಾರೋ. ನಾನು ಒಂದೇ ಮಾತು ಹೇಳಬೇಕಿತ್ತು. ರುಮಾಲು ಭಾರವಾಗಿತ್ತು. ನಾನು ಹೇಳಿದ್ದು ಇದು:

“ಪುಸ್ತಕದಾಗ ಇದ್ದದ್ದೆಲ್ಲಾ ಖರೇ ಅಲ್ಲ ಅಂತ ನಮ್ಮ ಸೊಸಿನ ಮನ್ಯಾಗ ಕಲಸ್ತಾಳ. ಪುಸ್ತಕ ಬರದಾವಗ ನಮ್ಮೂರ ಗೊತ್ತಿರಾಕಿಲ್ಲ. ನನಗ ಇದನ್ನ ನಮ್ಮಜ್ಜ ಹೇಳ್ಯಾನ.”

ನಮ್ಮಜ್ಜ ನಾನು ಹುಟ್ಟುವ ಮೊದಲೇ ತೀರಿಕೊಂಡಿದ್ದ. ಅದು ಊರ ಹಿರಿಯರಿಗೆಲ್ಲ ಗೊತ್ತು. ಅವರೂ ಚಪ್ಪಾಳೆ ಹೊಡೆದರು. ಸೊಸೆಯ ಮಾತನ್ನೇ ಸೊಸೆಗೆ ತಿರುಗಿಸಿದೆನೆಂದು ಮಂದಿ ಬಿದ್ದು ಬಿದ್ದು ನಕ್ಕರು. ಅವಳು ಪುಸ್ತಕ ಮುಚ್ಚಿ ಕೂತಳು.

ಅಷ್ಟರಲ್ಲಿ ಯಾರೋ ಮೊಮ್ಮಗಳನ್ನು ವೇದಿಕೆಗೆ ಹತ್ತಿಸಿಬಿಟ್ಟಿದ್ದರು. ಅವಳು ಓದಬೇಕಾದ ಮೊದಲ ವಾಕ್ಯ, ನಮ್ಮ ಅಜ್ಜ ಒಂದು ಸುಂದರ ಕಥೆ ಕಟ್ಟಿದ್ದಾರೆ ಎಂಬುದು. ಅವಳು ನನ್ನನ್ನು ನೋಡಿದಳು. ಅವ್ವನನ್ನು ನೋಡಿದಳು. ಇಲ್ಲದ ಹಾಳೆಯನ್ನು ನಾನು ಓದಿದ್ದನ್ನು ಕಣ್ಣಾರೆ ಕಂಡವಳು ಆ ಪೆಂಡಾಲಿನಲ್ಲಿ ಅವಳೊಬ್ಬಳೇ. ಬಾಯಿ ತೆರೆದಳು.

“ನ... ನ... ನ... ನ...”

ಮೈಕು ಅದನ್ನು ಊರಿಗೆಲ್ಲ ಕೇಳಿಸಿತು. ಹುಡುಗರು, “ಟ್ರ್ಯಾಕ್ಟರ್ ಚಾಲೂ ಆತು!” ಎಂದು ಕೂಗಿದರು. ಪೈಲವಾನ ಅವರನ್ನು ಗದರಿಸಿದ. ಆದರೆ ಗದರಿಸಿದ್ದು ಬೇರೆ ಕಾರಣಕ್ಕೆ.

“ಸುಮ್ಮ ಕುಂಡರ್ರಲೇ! ಮೈಯಾಗ ಬಂದಾರ! ಕಿಲ್ಲೇದಾರ್ರ ಬಂದಾರ!”

ಹೆಂಗಸರು ನುಗ್ಗಿ ಅವಳ ಹಣೆಗೆ ಅರಿಷಿಣದ ಭಂಡಾರ ಬಡಿದರು. ಕಾಯಿ ಒಡೆದರು. ಈ ಸಲ ಮಳೆ ಹೆಂಗೈತಿ ಅಂತ ಒಬ್ಬರು ಕೇಳಿಯೂ ಬಿಟ್ಟರು. ಹುಡುಗಿಗೆ ಮಾತೇ ಹೊರಡದು, ಮೈ ನಡುಗುತ್ತಿತ್ತು. ನಡುಗಿದಷ್ಟೂ ಡೊಳ್ಳಿನವನು ಜೋರಾಗಿ ಬಾರಿಸಿದ. ಸೊಸೆ ವೇದಿಕೆ ಹತ್ತಿ, ಮಂದಿಯನ್ನು ಸರಿಸಿ, ಅಷ್ಟು ದೊಡ್ಡ ಹುಡುಗಿಯನ್ನು ಕೂಸಿನ ಹಾಗೆ ಎತ್ತಿಕೊಂಡು ಮನೆಗೆ ಹೋದಳು. ನಾನು ರುಮಾಲಿನಲ್ಲಿ ಕೂತೇ ಇದ್ದೆ. ಊಟದ ಪಂಕ್ತಿಯಲ್ಲಿ ನನಗೆ ಎರಡು ಸಲ ಹುಗ್ಗಿ ಬಡಿಸಿದರು. ಉಂಡೆ.

ಜೂನಿನಲ್ಲಿ ಮಗ ಹೊಸ ಪಾಟೀಚೀಲ ತಂದು ಹುಡುಗಿಯನ್ನು ಮತ್ತೆ ಶಾಲೆಗೆ ಹಚ್ಚಿದ. ಸೊಸೆಯೇ ಚೀಲದಲ್ಲಿ ಪುಸ್ತಕ ತುಂಬಿ ಕೊಟ್ಟಳು, ಮಾತು ಕೊಟ್ಟಿದ್ದಳಲ್ಲ. ದನದ ಮನೆಯ ಗೋಡೆಯನ್ನು ಎಮ್ಮೆ ಪೂರ್ತಿ ಅಳಿಸಿತು. ಮತ್ತೆ ಅಲ್ಲಿ ಯಾರೂ ಬರೆಯಲಿಲ್ಲ.

ಹುಡುಗಿಯನ್ನು ಈಗ ಯಾರೂ ಟ್ರ್ಯಾಕ್ಟರ್ ಅನ್ನುವುದಿಲ್ಲ. ಮೈಮೇಲೆ ವೀರ ಬರುವವಳೆಂಬ ಅಂಜಿಕೆ. ಮೇಷ್ಟ್ರೂ ಎಬ್ಬಿಸಿ ನಿಲ್ಲಿಸಿ ಓದಿಸುವುದಿಲ್ಲ. ಅವಳಿಗೆ ಮಾತಾಡುವ ಪ್ರಸಂಗವೇ ಇಲ್ಲ. ಹೋದ ವರ್ಷ ‘ನಮ್ಮ ಊರಿನ ಇತಿಹಾಸ’ ಎಂಬ ಪ್ರಬಂಧಕ್ಕೆ ಅವಳಿಗೆ ಬಹುಮಾನ ಬಂತು. ನನ್ನ ಹಗೇವು, ಮೂರು ದಿನ, ಹಸಿ ಜೋಳ, ಎಲ್ಲವನ್ನೂ ಒಂದು ತಪ್ಪಿಲ್ಲದೆ ಬರೆದಿದ್ದಳು. ಕಿಲ್ಲೇದಾರನ ಚಿತ್ರವನ್ನು, ನಿಂಬೆಹಣ್ಣಿನ ಸಮೇತ, ಅಂಟು ಹಚ್ಚಿ ಕೂಡಿಸಿಕೊಟ್ಟವಳು ಅವಳ ಅವ್ವ. ಅಂಚು ಏಳಬಾರದೆಂದು ಬೆರಳಿನಿಂದ ನಾಲ್ಕೂ ಕಡೆ ಒತ್ತುತ್ತಿದ್ದಳು. ನಾನು ಅಲ್ಲೇ ಚಹಾ ಕುಡಿಯುತ್ತ ಕೂತಿದ್ದೆ.

ಮೊನ್ನೆ ದನದ ಮನೆಯೊಳಗೆ ದನಿ ಕೇಳಿಸಿತು. ಹುಡುಗಿ ಕರುವಿಗೆ ಹೇಳುತ್ತಿದ್ದಳು: “ಯುವರಾಜ, ಈ ಹುಲ್ಲನ್ನು ಸ್ವೀಕರಿಸಿ ನಮ್ಮನ್ನು ಕೃತಾರ್ಥರನ್ನಾಗಿ ಮಾಡಬೇಕು.” ಎಲ್ಲೂ ತೊಡರಲಿಲ್ಲ. ನನ್ನ ನೆರಳು ಬಾಗಿಲಲ್ಲಿ ಬಿದ್ದದ್ದೇ ತಡ, ದನಿ ನಿಂತಿತು.

ಈ ಸಲದ ಸಮಾರಂಭ ಹತ್ತಿರ ಬಂದಿದೆ. ಪೈಲವಾನ ನಿನ್ನೆ ಬಂದು, “ಕಾಕಾ, ಈ ವರ್ಷ ಕುದುರಿಯವ್ರೂ ಬರ್ತಾರ, ಭಾಷಣ ಜರಾ ಉದ್ದ ಇರಲಿ,” ಅಂದು ಹೋಗಿದ್ದಾನೆ. ಊರ ಮುಂದೆ ನಿಂತು ತಪ್ಪಾಯಿತು ಅನ್ನುವುದು ಈಗ ನನಗೆ ಕಷ್ಟವಿಲ್ಲ. ಅಂದರೂ ಯಾರೂ ನಂಬುವುದಿಲ್ಲ, ಅದಕ್ಕೂ ಪೈಲವಾನ ಒಂದು ಕಾರಣ ಹುಡುಕುತ್ತಾನೆ. ಒಲೆಯ ಹತ್ತಿರ ಹೋಗಿ ಅದೇ ಮಾತು ಅನ್ನುವುದು ಮಾತ್ರ ಇನ್ನೂ ಆಗಿಲ್ಲ. ಪ್ರತಿ ವರ್ಷ ಆ ಮುಂಜಾನೆ ರುಮಾಲನ್ನು ಒಗೆದು, ಇಸ್ತ್ರಿ ಮಾಡಿ, ಎರಡೂ ಕೈಯಲ್ಲಿ ಹಿಡಿದು ತಂದು, “ತಗೋರಿ ಮಾವಾರ,” ಅಂತ ಕೊಡುತ್ತಾಳೆ. ನಾನು ತೆಗೆದುಕೊಂಡು ಸುತ್ತಿಕೊಳ್ಳುತ್ತೇನೆ. ಕೊಡುವವಳು ನನ್ನ ಸೊಸೆ.